ಸ್ವಲ್ಪ ಸಮುದ್ರ

ಮೂವತ್ತೊಂದು ವರ್ಷ ನಾನು ವಿಲ್ಗಾ ಫ್ಲಾಟ್ ಎಂಬ ನಮ್ಮ ಸಣ್ಣ ಊರಿನ ಫಿಲ್ಮ್ ಸೊಸೈಟಿಗೆ ಸಿನಿಮಾ ತೋರಿಸಿದ್ದೇನೆ. ಅದರಲ್ಲಿ ಒಂದನ್ನೂ ಸರಿಯಾಗಿ ನೋಡಿಲ್ಲ. ಅದಕ್ಕೆ ನಾಚಿಕೆಯೇನೂ ಇಲ್ಲ. ಯಂತ್ರದ ಹಿಂದೆ ನಿಂತವನು ಯಂತ್ರವನ್ನು ನೋಡಬೇಕು, ಪರದೆಯನ್ನಲ್ಲ. ರೀಲಿನ ಕಾಲದಲ್ಲಿ ಕಣ್ಣು ಸ್ವಲ್ಪ ಅತ್ತಿತ್ತ ಹೋದರೂ ಸುರುಳಿ ಕಿತ್ತುಕೊಂಡು ನೆಲದ ತುಂಬ ಹರಡುತ್ತಿತ್ತು. ಆಮೇಲೆ ಟೇಪು ಬಂತು, ಅದರ ಮೇಲೆ ಡಿಸ್ಕು ಬಂತು, ನೋಡುವ ಕೆಲಸವೂ ಹೋಯಿತು. ಗುಂಡಿ ಒತ್ತಿ ಕೂತರೆ ಎರಡು ಗಂಟೆ ಆರಾಮ. ಒಳ್ಳೆಯ ನಿದ್ದೆ ಬರುತ್ತದೆ.

ತಿಂಗಳ ಮೊದಲ ಭಾನುವಾರ ಮಧ್ಯಾಹ್ನ ಎರಡಕ್ಕೆ ಊರಿನ ಹಾಲ್‌ನಲ್ಲಿ ನಲವತ್ತು ಜನ ಸೇರುತ್ತಾರೆ. ಹೊರಗಿನವರು ಇವರು ಸಿನಿಮಾಕ್ಕೆ ಬರುತ್ತಾರೆಂದು ತಿಳಿದಾರು. ಬರುವುದು ಆಮೇಲಿನ ಚಹಾಕ್ಕೆ, ಲ್ಯಾಮಿಂಗ್ಟನ್ ಕೇಕಿಗೆ, ಎಲ್ಲಕ್ಕಿಂತ ಹೆಚ್ಚಾಗಿ ಅಭಿಪ್ರಾಯ ಹೇಳುವುದಕ್ಕೆ. ಬಾಗಿಲಲ್ಲಿ ಪ್ರತಿಯೊಬ್ಬರಿಗೂ ಒಂದು ಚೀಟಿ ಸಿಗುತ್ತದೆ. ಅದರ ಅಂಚಿನಲ್ಲಿ ಒಂದರಿಂದ ಐದರವರೆಗೆ ಅಂಕಿ. ಸಿನಿಮಾ ಎಷ್ಟು ಹಿಡಿಸಿತೋ ಆ ಅಂಕಿಯ ಹತ್ತಿರ ಚೀಟಿಯನ್ನು ಒಂಚೂರು ಹರಿದು ಬಿಸ್ಕತ್ತಿನ ಡಬ್ಬಿಗೆ ಹಾಕಬೇಕು. ಪೆನ್ನು ಬೇಡ, ಕನ್ನಡಕ ಬೇಡ. ಆಮೇಲೆ ಸರಾಸರಿ ತೆಗೆದು ಗೋಡೆಗೆ ಅಂಟಿಸುತ್ತೇವೆ. ಈ ಊರಿನಲ್ಲಿ ಮಳೆಯ ಲೆಕ್ಕ ಬಿಟ್ಟರೆ ಜನ ನಿಂತು ಓದುವ ಲೆಕ್ಕ ಅದೊಂದೇ.

ನಮ್ಮ ಅಧ್ಯಕ್ಷೆ ಡಾರ್ಲೀನ್ ಬಹಳ ವರ್ಷ ಔಷಧಿ ಅಂಗಡಿ ನಡೆಸಿದವಳು. ಈಗಲೂ ಏನೇ ಹೇಳಿದರೂ ಊಟಕ್ಕೆ ಮೊದಲು ಒಂದು, ಮಲಗುವಾಗ ಒಂದು ಎನ್ನುವ ಧಾಟಿಯಲ್ಲೇ ಹೇಳುತ್ತಾಳೆ. ಪಿಯಾನೋ ಟೀಚರ್ ಟ್ರೂಡಿಗೆ ಸಿನಿಮಾ ಎಂದರೆ ಅದರ ಸಂಗೀತ ಮಾತ್ರ. ಕುರಿ ಸಾಕುವ ಬ್ಯಾರಿಗೆ ಸಿನಿಮಾ ಎಂದರೆ ಅದರಲ್ಲಿ ಬರುವ ಪ್ರಾಣಿ ಮಾತ್ರ. ಹೋದ ವರ್ಷ ಒಂದು ರಾಜಮನೆತನದ ಚಿತ್ರ ಬಂದಾಗ ನಲವತ್ತು ಜನ ಕಣ್ಣೊರೆಸಿಕೊಳ್ಳುತ್ತಿದ್ದರೆ ಇವನು, "ಆ ಕುದುರೆಗೆ ಲಾಳ ಸರಿ ಇಲ್ಲ" ಎಂದು ಒಂದಕ್ಕೆ ಹರಿದು ಹೋಗಿದ್ದ. ರಿಟೈರಾದ ಹೆಡ್‌ಮಾಸ್ಟರ್ ರಸ್ಸಲ್‌ಗೆ ಎಲ್ಲದರ ಮೇಲೂ ಅಭಿಪ್ರಾಯವಿದೆ, ನನ್ನ ಕುರ್ಚಿಯ ಮೇಲೆ ಕಣ್ಣಿದೆ.

ಮತ್ತೆ ಎಸ್ಮೆ. ನನ್ನ ಮೇಜಿನ ಪಕ್ಕದಲ್ಲಿ, ಕೊನೆಯ ಸಾಲಿನಲ್ಲಿ ಅವಳ ಜಾಗ. ಕಣ್ಣು ಹೋಗಿ ಮೂವತ್ತು ವರ್ಷವಾಯಿತು. ಅವಳ ಗಂಡ ಹ್ಯೂಯಿ ಸ್ಕೂಲ್ ಬಸ್ಸಿನ ಡ್ರೈವರ್ ಆಗಿದ್ದ. ಅಷ್ಟೂ ವರ್ಷ ಅವಳ ಕಿವಿಯಲ್ಲಿ ಇಡೀ ಸಿನಿಮಾ ಪಿಸುಗುಟ್ಟಿದ. ಪಿಸುಮಾತು ಎಂದರೆ ಮೂರು ಸಾಲು ಮುಂದಕ್ಕೆ ಕೇಳಿಸುವ ಪಿಸುಮಾತು. ಯಾರೂ ಬೇಡವೆನ್ನಲಿಲ್ಲ. ಹೋದ ವರ್ಷ ಜುಲೈನಲ್ಲಿ ಹ್ಯೂಯಿ ತೀರಿಕೊಂಡ. ಎಸ್ಮೆ ಬರುವುದು ಬಿಡಲಿಲ್ಲ. ಖಾಲಿ ಕುರ್ಚಿಯ ಪಕ್ಕ ಕೂತು, ಕೇಳಿಸಿದಷ್ಟನ್ನು ಕೇಳಿ, ಚಹಾದ ಹೊತ್ತಿಗೆ ಸಂಗೀತದ ಬಗ್ಗೆ ಮಾತ್ರ ಒಂದು ಮಾತು ಹೇಳುತ್ತಿದ್ದಳು. "ಇವತ್ತಿನ ಪಿಟೀಲು ಅಳು ಅಳು ಅಂತ ಬೆನ್ನಿಗೆ ತಿವೀತಿತ್ತು. ನಾನು ಅಳಲಿಲ್ಲ." ಅಷ್ಟೇ. ಆ ಖಾಲಿ ಕುರ್ಚಿ ನನಗೂ ಕಾಣುತ್ತಿತ್ತು. ಆದರೆ ನಾನು ಯಂತ್ರದವನು.

ಈ ವರ್ಷ ನನ್ನ ಕೈಯಲ್ಲಿ ಎರಡು ತಪ್ಪಾಗಿದ್ದವು. ಮಾರ್ಚ್‌ನಲ್ಲಿ ಎರಡು ಡಿಸ್ಕಿನ ಒಂದು ಸಿನಿಮಾದಲ್ಲಿ ಎರಡನೆಯದನ್ನು ಮೊದಲು ಹಾಕಿದೆ. ನಾಯಕ ಮೊದಲು ಸತ್ತ, ಆಮೇಲೆ ಮದುವೆಯಾದ. ಚಹಾದವರೆಗೆ ಯಾರಿಗೂ ಗೊತ್ತಾಗಲಿಲ್ಲ, ಮೂರೂವರೆ ಸರಾಸರಿ ಬಂತು. ಮೇ ತಿಂಗಳಲ್ಲಿ ಬಲ್ಬು ಸುಟ್ಟಿತು, ಬದಲಿ ಬಲ್ಬು ಮನೆಯಲ್ಲಿತ್ತು. ಡಾರ್ಲೀನ್ ನನ್ನನ್ನು ಅಡುಗೆಕೋಣೆಗೆ ಕರೆದಳು.

"ನೋಡು ನೆವ್, ಇನ್ನೊಂದು ಸಲ ಹೀಗಾದ್ರೆ ನವೆಂಬರ್ ಮಹಾಸಭೆಯಲ್ಲಿ ಯಂತ್ರ ರಸ್ಸಲ್ ಕೈಗೆ ಹೋಗುತ್ತೆ. ನನ್ನನ್ನು ಬೈಕೋಬೇಡ."

"ಅವನಿಗೆ ಟೋಸ್ಟರ್ ಹಾಕೋಕೂ ಬರಲ್ಲ ಕಣೇ."

"ಅವನು ನಿದ್ದೆ ಮಾಡಲ್ಲ."

ನಿಜ ಹೇಳುತ್ತೇನೆ, ನನಗೆ ಹೆದರಿಕೆಯಾಯಿತು. ಹೆಂಡತಿ ಬಿಟ್ಟುಹೋಗಿ ಹದಿನೆಂಟು ವರ್ಷ. ಭಾನುವಾರವೆಂದರೆ ನನಗೆ ಆ ಯಂತ್ರ. ಅದು ಹೋದರೆ ಎಲ್ಲರ ನಡುವೆ ಕುರ್ಚಿ ಹಾಕಿಕೊಂಡು ಕೂರಬೇಕು, ಸಿನಿಮಾ ನೋಡಬೇಕು, ಚಹಾ ಹಿಡಿದುಕೊಂಡು ಏನಾದರೂ ಹೇಳಬೇಕು. ನನ್ನ ಹತ್ತಿರ ಹೇಳುವುದಕ್ಕೆ ಏನಿದೆ?

ಆಗಸ್ಟ್‌ನ ಚಿತ್ರ ಸ್ಕಾಟ್ಲೆಂಡಿನ ಯಾವುದೋ ದ್ವೀಪದ್ದು. ದೀಪಸ್ತಂಭ ಕಾಯುವ ಒಬ್ಬ ಮುದುಕ, ಒಂದು ಕುರಿ, ಒಂದು ಹಳೆಯ ಪ್ರೇಮ. ಮಾತು ಬಹಳ ಕಡಿಮೆ. ಹಿಂದಿನ ತಿಂಗಳು ಸದ್ದು ಮಂಕಾಗಿತ್ತು ಎಂದು ಟ್ರೂಡಿ ಗೊಣಗಿದ್ದಳು. ಹಾಗಾಗಿ ನಾನು ಡಿಸ್ಕಿನ ಪಟ್ಟಿಯಲ್ಲಿ 'ಧ್ವನಿ' ಎನ್ನುವಲ್ಲಿ ಹೋಗಿ ಎಲ್ಲಕ್ಕಿಂತ ಕೆಳಗಿದ್ದುದನ್ನು ಒತ್ತಿದೆ. ಕೆಳಗಿದೆ ಎಂದರೆ ಹೊಸದು, ಹೊಸದು ಎಂದರೆ ಒಳ್ಳೆಯದು ಎಂದು ನನ್ನ ತರ್ಕ. ಕನ್ನಡಕ ಕಾರಿನಲ್ಲಿತ್ತು. ಹೆಸರು ತೆರೆಯ ಮೇಲೆ ಬರುವ ಹೊತ್ತಿಗೆ ನನ್ನ ಗಲ್ಲ ಎದೆಗೆ ತಾಗಿತ್ತು.

ಎಚ್ಚರವಾದಾಗ ಹಾಲ್‌ನಲ್ಲಿ ಒಬ್ಬ ಹೆಂಗಸು ಮಾತಾಡುತ್ತಿದ್ದಳು. ಯಾವ ಅವಸರವೂ ಇಲ್ಲದ ದನಿ. "ಅವನು ಕಿಟಕಿಯ ಕಡೆಗೆ ನಡೆಯುತ್ತಾನೆ. ಗಾಜಿನ ಮೇಲೆ ಕೈ ಇಡುತ್ತಾನೆ. ಕುರಿ ಅವನನ್ನು ನೋಡುತ್ತದೆ." ಪರದೆ ನೋಡಿದೆ. ಅವನು ಕಿಟಕಿಯ ಕಡೆಗೆ ನಡೆದ. ಗಾಜಿನ ಮೇಲೆ ಕೈಯಿಟ್ಟ. ಕುರಿ ಅವನನ್ನು ನೋಡಿತು. ಡಿಸ್ಕಿನ ಡಬ್ಬಿಯನ್ನು ದೀಪಕ್ಕೆ ಹಿಡಿದು ಕಣ್ಣು ಕಿರಿದು ಮಾಡಿ ಓದಿದೆ: ಕಣ್ಣು ಕಾಣದವರಿಗಾಗಿ ವಿವರಣೆ. ಗಡಿಯಾರ ನೋಡಿದರೆ ಸಿನಿಮಾ ಮುಗಿಯಲು ಹದಿನೈದು ನಿಮಿಷ ಬಾಕಿ. ಈಗ ನಿಲ್ಲಿಸಿದರೆ ತಪ್ಪು ಒಪ್ಪಿಕೊಂಡ ಹಾಗೆ. ಸುಮ್ಮನೆ ಕೂತೆ.

ದೀಪ ಹಾಕಿದಾಗ ಯಾರೂ ನನ್ನ ಕಡೆ ತಿರುಗಲಿಲ್ಲ. ಚೀಟಿಗಳು ಚರಚರ ಹರಿದವು. ನಾನು ಚಹಾದ ದೊಡ್ಡ ಪಾತ್ರೆಯ ಹಿಂದೆ ಅಡಗಿ ನಿಂತೆ.

"ಆ ಧ್ವನಿ!" ಎಂದಳು ಡಾರ್ಲೀನ್. "ನನಗೆ ಮೈ ಜುಮ್ ಅಂತು. ಅದು ಸತ್ತುಹೋದ ಪ್ರೇಯಸಿ ಧ್ವನಿ ಅಲ್ವಾ? ಮೇಲಿಂದ ಅವನನ್ನೇ ನೋಡ್ತಿದ್ದಾಳೆ."

"ಪ್ರೇಯಸಿ ಅಲ್ಲ," ರಸ್ಸಲ್ ಬೆರಳೆತ್ತಿದ. "ಅದೊಂದು ತಂತ್ರ. ನಾವು ಕತೆಯಲ್ಲಿ ಮುಳುಗಿ ಹೋಗಬಾರದು, ದೂರ ನಿಂತು ಯೋಚನೆ ಮಾಡಬೇಕು ಅಂತ ನಿರ್ದೇಶಕ ಬೇಕೂಂತ ಮಾಡಿರೋದು. ಕಣ್ಣಿಗೆ ಕಾಣ್ತಿರೋದನ್ನೇ ಹೇಳೋದು! ಎಂಥಾ ಧೈರ್ಯ!"

ಟ್ರೂಡಿ ತಲೆಯಾಡಿಸಿದಳು. "ಸಂಗೀತಕ್ಕೆ ಅವಳ ಮಾತೇ ತಾಳ ಆಗಿತ್ತು. ಸೆಲ್ಲೋ ಎಲ್ಲಿ ನಿಲ್ಲಿಸುತ್ತೋ ಅಲ್ಲಿಂದಲೇ ಇವಳು ಎತ್ಕೋತಾಳೆ. ಹೋದ ತಿಂಗಳ ಚಿತ್ರದಲ್ಲಿ ಡೋಲು ಬಡಿದು ಬಡಿದು ತಲೆನೋವು ಬಂದಿತ್ತು. ಇದು ನೋಡಿ, ಸಂಗೀತ ಅಂದ್ರೆ."

"ನಂಗದೆಲ್ಲ ಗೊತ್ತಿಲ್ಲ," ಎಂದ ಬ್ಯಾರಿ, ಬಾಯಿ ತುಂಬ ಲ್ಯಾಮಿಂಗ್ಟನ್. "ಇಲ್ಲಿ ಬರೋಕೆ ಶುರು ಮಾಡಿದಾಗಿಂದ ನಂಗೆ ಅರ್ಥ ಆದ ಮೊದಲನೇ ಸಿನಿಮಾ ಇದು. ಯಾರು ಏನು ಮಾಡ್ತಿದ್ದಾರೆ ಅಂತ ಆಯಮ್ಮ ಬಿಡಿಸಿ ಬಿಡಿಸಿ ಹೇಳಿದ್ಲು. ಕುರೀನೂ ಚೆನ್ನಾಗಿ ಮಾಡಿತ್ತು."

ಸರಾಸರಿ ನಾಲ್ಕು ಪಾಯಿಂಟ್ ಏಳು. ಸೊಸೈಟಿಯ ಚರಿತ್ರೆಯಲ್ಲೇ ಅಷ್ಟು ಬಂದಿರಲಿಲ್ಲ. ಡಾರ್ಲೀನ್ ಸುದ್ದಿಪತ್ರಕ್ಕೆ ಒಂದೂವರೆ ಪುಟ ಬರೆದಳು. ಮೋಡದ ಮೇಲಿನ ಪ್ರೇಯಸಿ ಅದರಲ್ಲೂ ಇದ್ದಳು.

ಎಲ್ಲರೂ ಹೋದ ಮೇಲೆ ನಾನು ತಂತಿ ಸುತ್ತುತ್ತಿದ್ದಾಗ ಎಸ್ಮೆ ಕೋಲು ಊರಿಕೊಂಡು ಮೇಜಿನ ಹತ್ತಿರ ಬಂದಳು. ಅವಳು ಕೆಂಪಗಾಗಿದ್ದಳು, ಓಡಿ ಬಂದವಳ ಹಾಗೆ.

"ನೆವ್, ಅದು ಕಾಣದವರಿಗೆ ಅಂತ ಮಾಡಿದ ವಿವರಣೆ. ಲೈಬ್ರರಿ ಡಿಸ್ಕಲ್ಲಿ ಒಂದೆರಡು ಸಲ ಕೇಳಿದ್ದೆ."

"ಹೌದಾ," ಎಂದೆ.

"ಹ್ಯೂಯಿ ಹೋದ ಮೇಲೆ ಒಂದು ಸಿನಿಮಾ ಪೂರ್ತಿ ನೋಡಿದ್ದು ಇವತ್ತೇ. ಥ್ಯಾಂಕ್ಸ್ ಕಣಯ್ಯ. ನನಗೋಸ್ಕರ ನೆನಪಿಟ್ಟು ಹಾಕಿದೆ."

ಆಗಲೇ ಹೇಳಬೇಕಿತ್ತು. "ಅದರಲ್ಲೇನಿದೆ ಬಿಡು," ಎಂದುಬಿಟ್ಟೆ. ಜೀವಮಾನದಲ್ಲಿ ಅಷ್ಟು ಸುಲಭವಾಗಿ ಹೊಗಳಿಕೆ ನುಂಗಿದ್ದು ಅದೇ ಮೊದಲು.

ಸೆಪ್ಟೆಂಬರಿನ ಚಿತ್ರಕ್ಕೆ ಮೊದಲು ಕನ್ನಡಕ ಹಾಕಿಕೊಂಡೇ ಹುಡುಕಿದೆ. ಆ ಡಿಸ್ಕಿನಲ್ಲಿ ವಿವರಣೆ ಇರಲಿಲ್ಲ. ಅಕ್ಟೋಬರಿನದರಲ್ಲೂ ಇರಲಿಲ್ಲ. ಊರಿನವರು "ಧ್ವನಿಯೇ ಇಲ್ಲದ ಸಿನಿಮಾ ಸಪ್ಪೆ" ಎಂದು ಎರಡಕ್ಕೆ ಹರಿಯತೊಡಗಿದರು. ಎಸ್ಮೆ ಮಾತ್ರ ಒಂದು ಮಾತೂ ದೂರಲಿಲ್ಲ. ಸೆಪ್ಟೆಂಬರಿನಲ್ಲಿ ನಿಂಬೆಹಣ್ಣಿನ ಜಾಮ್ ಒಂದು ಬಾಟಲಿ ತಂದು ನನ್ನ ಮೇಜಿನ ಮೇಲಿಟ್ಟಳು. ಅಕ್ಟೋಬರಿನಲ್ಲಿ ಇನ್ನೊಂದು. ನವೆಂಬರ್ ಮಹಾಸಭೆಯ ದಿನ ಮೂರನೆಯದು. ಬೆಳಗಾದರೆ ಬ್ರೆಡ್ಡಿಗೆ ಆ ಜಾಮ್ ಸವರಿಕೊಳ್ಳುತ್ತಿದ್ದೆ, ಗಂಟಲಲ್ಲಿ ಇಳಿಯುತ್ತಿರಲಿಲ್ಲ. ರುಚಿ ಮಾತ್ರ ಬಹಳ ಚೆನ್ನಾಗಿತ್ತು, ಅದು ಇನ್ನೂ ಹಿಂಸೆ.

ಮಹಾಸಭೆಯಲ್ಲಿ ಡಾರ್ಲೀನ್ ಹಿಂದಿನ ವರ್ಷದ ವರದಿ ಓದಿ ಮುಗಿಸುವಷ್ಟರಲ್ಲಿ ರಸ್ಸಲ್ ಎದ್ದು ನಿಂತ. ಕೈಯಲ್ಲಿ ಆ ದ್ವೀಪದ ಚಿತ್ರದ ಡಬ್ಬಿ. ಅವನ ಮುಖ ನೋಡಿಯೇ ನನಗೆ ಗೊತ್ತಾಯಿತು.

"ಅಡಿಲೇಡಿನಲ್ಲಿರೋ ನನ್ನ ತಂಗಿ ಈ ಚಿತ್ರ ನೋಡಿದ್ಲು. ಆ ಧ್ವನಿ ಬಗ್ಗೆ ನಾನು ಫೋನಲ್ಲಿ ಅರ್ಧ ಗಂಟೆ ಮಾತಾಡಿದೆ. ಅವಳು ಎಲ್ಲಾ ಕೇಳಿ, ಯಾವ ಧ್ವನಿ ಅಂದ್ಲು!" ಅವನ ಕತ್ತಿನ ನರ ಉಬ್ಬಿತ್ತು. "ನಾನು ಡಿಸ್ಕ್ ತರಿಸಿ ನೋಡ್ದೆ. ಧ್ವನಿ ಇಲ್ಲ. ಪ್ರೇಯಸಿ ಇಲ್ಲ. ತಂತ್ರನೂ ಇಲ್ಲ. ಇಲ್ಲಿ ಬರೆದಿದೆ ಕೇಳಿ: ಕಣ್ಣು ಕಾಣದವರಿಗಾಗಿ ವಿವರಣೆ!"

ನಲವತ್ತು ಜನ ತಾವು ಅವತ್ತು ಏನೇನು ಹೇಳಿದ್ದೆವೆಂದು ನೆನಪಿಸಿಕೊಳ್ಳುತ್ತಿದ್ದರು. ಡಾರ್ಲೀನ್ ಸುದ್ದಿಪತ್ರವನ್ನು ಮಡಚಿ ತೊಡೆಯ ಕೆಳಗೆ ಸೇರಿಸಿದಳು. ಟ್ರೂಡಿ ಕಿವಿಯವರೆಗೆ ಕೆಂಪಾದಳು. ಆಮೇಲೆ ಎಲ್ಲರಿಗೂ ಒಟ್ಟಿಗೆ ಸಿಟ್ಟು ಬಂತು, ನನ್ನ ಮೇಲೆ.

"ನಮ್ಮನ್ನೆಲ್ಲ ಬೆಪ್ಪು ಮಾಡಿದ!"

"ನಾನು ಸೆಲ್ಲೋ ಜೊತೆ ತಾಳ ಅಂದೆ! ತಾಳ ಅಂದೆ!"

"ನನಗೇನೂ ಬೇಜಾರಿಲ್ಲಪ್ಪ," ಎಂದ ಬ್ಯಾರಿ. "ಎಲ್ಲದಕ್ಕೂ ಹಂಗೇ ಹಾಕು."

"ಬ್ಯಾರಿ, ಕೂತ್ಕೋ," ಡಾರ್ಲೀನ್ ಮೇಜು ಕುಟ್ಟಿದಳು. ಆಮೇಲೆ ನನ್ನ ಕಡೆ ತಿರುಗಿದಳು. ದನಿ ಮೆತ್ತಗಿತ್ತು. "ನೆವ್, ಇದು ಎಸ್ಮೆಗೋಸ್ಕರ ನೀನು ಬೇಕೂಂತಲೇ ಹಾಕಿದ್ದು ಅಂತ ಎಸ್ಮೆ ನನ್ಹತ್ರ ಹೇಳಿದ್ಲು. ಹಾಗಿದ್ರೆ ಅದು ತಪ್ಪಲ್ಲ. ಹಾಗೇ ತಾನೆ? ಹೂಂ ಅನ್ನು, ಮುಗೀತು."

ಒಂದು 'ಹೂಂ'. ಅಷ್ಟು ಸಾಕಿತ್ತು. ಯಂತ್ರ ನನ್ನದು, ಭಾನುವಾರ ನನ್ನದು, ಜೊತೆಗೆ ಒಳ್ಳೆಯವನೆಂಬ ಹೆಸರು. ಎಲ್ಲರ ಮುಖವೂ ಆಗಲೇ ಸಡಿಲಾಗಿತ್ತು, ರಸ್ಸಲ್‌ನದೊಂದು ಬಿಟ್ಟು. ಕೊನೆಯ ಸಾಲಿನಲ್ಲಿ ಎಸ್ಮೆ ಮುಖ ಸ್ವಲ್ಪ ಮೇಲೆತ್ತಿ ಕೂತಿದ್ದಳು, ಸಂಗೀತ ಶುರುವಾಗುವ ಮೊದಲು ಕೂರುವಂತೆ. ಮೇಜಿನ ಮೇಲೆ ಮೂರನೆಯ ಬಾಟಲಿ.

"ಇಲ್ಲ," ಎಂದೆ. "ಕನ್ನಡಕ ಕಾರಲ್ಲಿತ್ತು. ಯಾವುದೋ ಗುಂಡಿ ಒತ್ತಿದೆ. ಆಮೇಲೆ ನಿದ್ದೆ ಹೋದೆ. ಎಸ್ಮೆ ನನ್ನ ತಲೆಯಲ್ಲೇ ಇರಲಿಲ್ಲ. ಅವಳು ಥ್ಯಾಂಕ್ಸ್ ಅಂದಾಗ ಸುಮ್ನೆ ಇಸ್ಕೊಂಡೆ. ಜಾಮೂ ಇಸ್ಕೊಂಡೆ." ನನ್ನ ದನಿ ನನಗೇ ವಿಚಿತ್ರವಾಗಿ ಕೇಳಿಸಿತು. "ಕ್ಷಮಿಸು ಎಸ್ಮೆ."

ಎಸ್ಮೆ ನಕ್ಕಳು. ಸಣ್ಣಗೆ ಅಲ್ಲ, ಹೊಟ್ಟೆ ಹಿಡಿದುಕೊಂಡು ನಕ್ಕಳು. "ನಂಗೆ ಅವತ್ತೇ ಗೊತ್ತು ಕಣೋ! ಪಕ್ಕದಲ್ಲೇ ಕೂತಿರ್ತೀನಿ. ಆ ಹೆಂಗಸು 'ಅಲೆಗಳು ಬಂಡೆಗೆ ಬಡಿಯುತ್ತವೆ' ಅಂತಿದ್ಲು, ನೀನು ಇಲ್ಲಿ ಗೊರಕೆ. ಎಷ್ಟು ಚೆನ್ನಾಗಿ ಹೊಂದ್ಕೊಂಡಿತ್ತು ಗೊತ್ತಾ! ಟ್ರೂಡಿ, ನಿನ್ನ ತಾಳ ಅದೇ!"

ಟ್ರೂಡಿಯೂ ನಕ್ಕುಬಿಟ್ಟಳು. ರಸ್ಸಲ್ ನಗಲಿಲ್ಲ. ಮತಕ್ಕೆ ಹಾಕಲೇಬೇಕೆಂದ. ಈ ಊರಿನಲ್ಲಿ ಮತವೆಂದರೆ ಅದೇ ಚೀಟಿ, ಅದೇ ಡಬ್ಬಿ.

"ಸರಾಸರಿ ಮೂರು ಬಂದ್ರೆ ನೆವ್ ಇರ್ತಾನೆ, ಕಡಿಮೆ ಬಂದ್ರೆ ರಸ್ಸಲ್," ಎಂದಳು ಡಾರ್ಲೀನ್. "ಒಂದು ಅಂದ್ರೆ ಬೇಡ, ಐದು ಅಂದ್ರೆ ಬೇಕು."

"ಮೂರಕ್ಕೆ ಹರಿದ್ರೆ?" ಬ್ಯಾರಿ ಕೇಳಿದ.

"ಇರ್ಲಿ, ಆದ್ರೆ ಎದ್ದಿರ್ಲಿ ಅಂತ."

ಎಣಿಸಿದರು. ಎರಡು ಪಾಯಿಂಟ್ ಒಂಬತ್ತು. ರಸ್ಸಲ್ ಬಂದು ನನ್ನ ಕೈಯಿಂದ ರಿಮೋಟು ತೆಗೆದುಕೊಂಡ. ಮೂವತ್ತೊಂದು ವರ್ಷ ಒಂದು ಬಿಸ್ಕತ್ತಿನ ಡಬ್ಬಿಯಲ್ಲಿ ಹೋಯಿತು. ಕಣ್ಣು ಉರಿಯಿತು, ಇದನ್ನೂ ಮುಚ್ಚಿಡುವುದಿಲ್ಲ. ತಂತಿ ಸುತ್ತುವ ನೆಪದಲ್ಲಿ ಬಗ್ಗಿದೆ.

ಕೋಲಿನ ಸದ್ದು ಹತ್ತಿರ ಬಂತು. "ನೆವ್, ಎಷ್ಟು ಬಂತು ಅಂದ್ರು?"

"ಎರಡು ಪಾಯಿಂಟ್ ಒಂಬತ್ತು. ಕೂದಲೆಳೆಯಲ್ಲಿ ಹೋಯ್ತು. ಇನ್ನೊಬ್ಬರು ಐದಕ್ಕೆ ಹರಿದಿದ್ರೆ ಸಾಕಿತ್ತು."

"ಅಬ್ಬ, ಸದ್ಯ!" ಎಂದಳು. "ನಾನು ಒಂದಕ್ಕೆ ಹರಿದೆ. ಬೆರಳಲ್ಲಿ ಎರಡು ಸಲ ಅಳೆದು ನೋಡಿ ಹರಿದೆ."

ನಾನು ಬಗ್ಗಿದ್ದವನು ಹಾಗೆಯೇ ಉಳಿದೆ. "ನೀನಾ?"

"ನಾನೇ. ಮೂರು ತಿಂಗಳಿಂದ ಕಾಯ್ತಿದ್ದೆ, ಈ ಮುದುಕ ನಿಜ ಹೇಳ್ತಾನೋ ಇಲ್ವೋ ಅಂತ. ಡಾರ್ಲೀನ್ ಹತ್ರ ಹಾಗೆ ಹೇಳಿದ್ದೂ ಅದಕ್ಕೇ. ಮೂರು ಬಾಟಲಿ ಜಾಮ್ ಹಿಡೀತು ನೋಡು." ಅವಳು ಕುರ್ಚಿಯ ಬೆನ್ನು ತಡವಿದಳು, ಹ್ಯೂಯಿಯದು. "ಹ್ಯೂಯಿ ಅರ್ಧಕ್ಕರ್ಧ ಸುಳ್ಳು ಹೇಳ್ತಿದ್ದ ಗೊತ್ತಾ? ಮಹಾ ನಾಚಿಕೆ ಅವನಿಗೆ. ತೆರೆ ಮೇಲೆ ಯಾರಾದ್ರೂ ಮುತ್ತು ಕೊಟ್ರೆ ಸಾಕು, 'ಈಗ ಏನೂ ಇಲ್ಲ ಎಸ್ಮೆ, ಸಮುದ್ರ ತೋರಿಸ್ತಿದ್ದಾರೆ' ಅಂತಿದ್ದ. ಮೂವತ್ತು ವರ್ಷ! ಎಷ್ಟು ಸಮುದ್ರ ನೋಡಿದ್ದೀನಿ ಅಂತೀಯ! ಊರ ಮಧ್ಯೆ ಸಮುದ್ರ, ರೈಲಲ್ಲಿ ಸಮುದ್ರ. ನನಗೀಗ ನಿಜ ಹೇಳೋ ಮನುಷ್ಯ ಬೇಕು. ಯಂತ್ರ ಹಿಡ್ಕೊಂಡಿರೋವರೆಗೂ ನಿನ್ನ ಕೈ ಖಾಲಿ ಆಗ್ತಿರಲಿಲ್ಲ. ಈಗ ಖಾಲಿ. ಮುಂದಿನ ತಿಂಗಳು ಇಲ್ಲಿ ಕೂತ್ಕೋ."

"ನನಗೆ ಸಿನಿಮಾ ನೋಡೋಕೆ ಬರಲ್ಲ ಎಸ್ಮೆ."

"ನಂಗೂ ಬರಲ್ಲ. ಬಾ."

ಡಿಸೆಂಬರ್ ನಮ್ಮಲ್ಲಿ ಕಡುಬೇಸಿಗೆ; ಮೊದಲ ಭಾನುವಾರ ಹೊರಗೆ ನಲವತ್ತೊಂದು ಡಿಗ್ರಿ. ಫ್ಯಾನುಗಳು ಕಿರುಗುಟ್ಟುತ್ತಿದ್ದವು. ರಸ್ಸಲ್ ಯಂತ್ರದ ಹತ್ತಿರ ಹತ್ತು ನಿಮಿಷ ಒದ್ದಾಡಿ, ಮೊದಲು ಚಿತ್ರವನ್ನು ತಲೆಕೆಳಗಾಗಿ ಹಾಕಿದ. ನಾನು ಬಾಯಿ ಮುಚ್ಚಿಕೊಂಡಿದ್ದೆ. ಅಷ್ಟು ಸಂತೋಷ ನನಗೆ ಬಹಳ ದಿನದಿಂದ ಆಗಿರಲಿಲ್ಲ. ಆಮೇಲೆ ಹ್ಯೂಯಿಯ ಕುರ್ಚಿಯಲ್ಲಿ ನೆಟ್ಟಗೆ ಕೂತು, ಕನ್ನಡಕ ಹಾಕಿಕೊಂಡು ಶುರು ಮಾಡಿದೆ.

"ಒಬ್ಬ ಮುದುಕ. ಅಡುಗೆಮನೆ. ಅಂಗಿಗೆ ಇಸ್ತ್ರಿ ಇಲ್ಲ. ದಂಡಪಿಂಡದ ಹಾಗೆ ನಿಂತಿದ್ದಾನೆ."

"ಅಭಿಪ್ರಾಯ ಚಹಾಕ್ಕೆ ಇಟ್ಕೋ. ಅಡುಗೆಮನೆ ಹೇಗಿದೆ?"

"ಹಳದಿ ಗೋಡೆ. ಒಲೆ ಮೇಲೆ ಕೆಟಲ್ಲು. ಒಬ್ಬ ಮುದುಕಿ ಬಂದ್ಲು. ಕೆಟಲ್ಲಿಗೆ ಕೈ ಹಾಕಿದ್ಲು, ಅವನೂ ಹಾಕಿದ."

ಹೀಗೇ ಒಂದು ಗಂಟೆ. ಗಂಟಲು ಒಣಗಿತು. ಆದರೆ ನಿದ್ದೆ ಹತ್ತಿರ ಸುಳಿಯಲಿಲ್ಲ, ಆ ಮುದುಕಿ ಅವನಿಗೆ ಏನು ಹೇಳುತ್ತಾಳೋ ಎಂದು ನನಗೇ ಕುತೂಹಲ ಹತ್ತಿತ್ತು. ಆಗ ಪಿಟೀಲು ಶುರುವಾಯಿತು. ಅವರಿಬ್ಬರೂ ಹತ್ತಿರ ಬಂದರು. ನನ್ನ ಬಾಯಿ ಕಟ್ಟಿತು. ಹ್ಯೂಯಿಯ ಕಷ್ಟ ನನಗೆ ಆ ಕ್ಷಣ ಪೂರ್ತಿ ಅರ್ಥವಾಯಿತು.

"ಏನಾಗ್ತಿದೆ?" ಎಸ್ಮೆ ಕೇಳಿದಳು.

ನಿಜ ಹೇಳಬೇಕಾದವನು ನಾನು. "ಮುತ್ತು ಕೊಡ್ತಿದ್ದಾರೆ," ಎಂದೆ. "ಅವನ ಕೈ ಅವಳ ಕೆನ್ನೆ ಮೇಲಿದೆ. ಅವಳು ಕಣ್ಣು ಮುಚ್ಚಿದ್ದಾಳೆ. ನಿಧಾನಕ್ಕೆ."

ಪಿಟೀಲು ಬೆನ್ನಿಗೆ ತಿವಿಯುತ್ತಲೇ ಇತ್ತು. ಎಸ್ಮೆಯ ಬೆರಳು ನನ್ನ ತೋಳಿನ ಮೇಲೆ ಬಂತು.

"ಸಮುದ್ರ ಇಲ್ವಾ?"

"ಇಲ್ಲ ಎಸ್ಮೆ. ಅಡುಗೆಮನೆ. ಹಿಂದೆ ಫ್ರಿಜ್ಜು."

ಅವಳ ಕೆನ್ನೆ ಒದ್ದೆಯಾಗಿತ್ತು. ಪರದೆಯ ಬೆಳಕಿನಲ್ಲಿ ನನಗೆ ಕಾಣಿಸಿತು.

"ಸ್ವಲ್ಪ ಸಮುದ್ರ ಹಾಕು, ನೆವ್," ಎಂದಳು.

ನಾನು ಸಮುದ್ರ ನೋಡಿ ಹದಿನೆಂಟು ವರ್ಷವಾಗಿದೆ. ಗಂಟಲು ಸರಿಮಾಡಿಕೊಂಡೆ. "ದೊಡ್ಡ ಅಲೆ ಬರ್ತಿದೆ ಎಸ್ಮೆ," ಎಂದೆ. "ನೀಲಿ. ಮೇಲೆ ಬಿಳಿ ನೊರೆ. ಬಂತು, ಬಂತು, ಫ್ರಿಜ್ಜಿನವರೆಗೂ ಬಂತು."

ಮೂರು ಸಾಲು ಮುಂದೆ ಬ್ಯಾರಿ ತಿರುಗಿದ. "ಎಲ್ಲಯ್ಯಾ ಸಮುದ್ರ? ನಂಗೆ ಕಾಣ್ತಿಲ್ಲ!"

"ನಿನಗಲ್ಲ ಕಣೋ, ಸುಮ್ನೆ ಮುಂದೆ ನೋಡು," ಎಂದೆ. ಮತ್ತೆ ಎಸ್ಮೆಯ ಕಡೆ ಬಾಗಿ ಇನ್ನೊಂದು ಅಲೆ ಹಾಕಿದೆ.